ದುಂಡಮ್ಮನ ಹನ್ನೊಂದನೇ ದಿನ

ದಿನಾ ಬೆಳಿಗ್ಗೆ ಏಳೂಕಾಲಿಗೆ ಮೂವತ್ತೊಂದು ಮಂದಿ ರೋಗಿಗಳು ಹಾಲಿನ ವ್ಯಾನಿನಲ್ಲಿ ಗಡಿ ದಾಟುತ್ತಿದ್ದರು. ಅವರಲ್ಲಿ ಎಂಟು ಮಂದಿಗೆ ಹಾಸಿಗೆ ಬಿಟ್ಟು ಏಳಲೂ ಆಗುತ್ತಿರಲಿಲ್ಲ. ಕೋಡಿಪುರದ ಆರೋಗ್ಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಷ್ಟು ಅಗಲದ ಪರದೆ. ಅದರ ಮೇಲೆ ಮೂವತ್ತೊಂದು ಹಸಿರು ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಆಚೆ ಸೀಮೆಗೆ ಹೋಗುತ್ತಿದ್ದವು, ಅಲ್ಲಿನ ಡೇರಿ ಎದುರು ಹತ್ತು ನಿಮಿಷ ನಿಲ್ಲುತ್ತಿದ್ದವು, ಮತ್ತೆ ಈಚೆ ಸೀಮೆಗೆ ವಾಪಸಾಗುತ್ತಿದ್ದವು. ದಾಕ್ಷಾಯಿಣಿ ಇದನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದಳು. ನೋಡಿಯೂ ನೋಡದ ಹಾಗೆ ಕಾಫಿ ಕುಡಿಯುತ್ತಿದ್ದಳು.

ಹೋಗುತ್ತಿದ್ದದ್ದು ರೋಗಿಗಳಲ್ಲ, ಅವರ ಡಬ್ಬಿಗಳು. ಕಾಳು ಬಂದ ಮೇಲೆ ದೊಡ್ಡ ಕಾಯಿಲೆಯವರು ಮಾತ್ರೆ ನುಂಗುವುದನ್ನೇ ಬಿಟ್ಟಿದ್ದರು. ಕಾಳೆಂದರೆ ಕೊರಳಿನ ಮೂಳೆಯ ಕೆಳಗೆ, ಚರ್ಮದ ಒಳಗೆ ಕೂರಿಸುವ ಅವರೆಕಾಳಿನಷ್ಟು ದೊಡ್ಡ ಯಂತ್ರ. ಮೂರ್ಛೆ ಬರುವ ಮುಂಚೆಯೇ, ಎದೆ ತಾಳ ತಪ್ಪುವ ಮುಂಚೆಯೇ ಅದಕ್ಕೆ ಸುಳಿವು ಸಿಗುತ್ತದೆ. ಬೇಕಾದಷ್ಟು ಔಷಧ ರಕ್ತಕ್ಕೆ ಬಿಡುತ್ತದೆ. ಆದರೆ ಬಿಡಲು ಅನುಮತಿ ಬೇಕು. ಆ ಅನುಮತಿಯನ್ನು ಟವರಿನಿಂದ ತಂದುಕೊಡುವುದು ಸೊಂಟಕ್ಕೆ ಕಟ್ಟುವ ಡಬ್ಬಿ. ಡಬ್ಬಿ ಹತ್ತಿರ ಇಲ್ಲದಿದ್ದರೂ ಕಾಳು ಮೂರು ಗಂಟೆ ತಾನಾಗಿ ನಡೆಯುತ್ತದೆ. ಹಾಲಿನ ವ್ಯಾನು ಹೋಗಿ ಬರಲು ಎರಡು ಗಂಟೆ ಸಾಕು.

ಇಷ್ಟೆಲ್ಲ ಪರದಾಟ ಯಾಕೆಂದರೆ ದೇಹ ಒಂದೇ ಆದರೂ ಅದಕ್ಕೆ ಎರಡು ಸರ್ಕಾರ. ಯಂತ್ರವೂ ಔಷಧವೂ ಸರಿಯೋ ತಪ್ಪೋ ಎಂದು ಹೇಳುವುದು ಕೇಂದ್ರ. ಯಾರಿಗೆ ಎಷ್ಟು ಹನಿ ಎಂಬ ಸೂತ್ರ ಬರೆಯುವುದು ರಾಜ್ಯ. ಅತ್ತೆ ಹಾಕಿರಬೇಕು ಅಂತ ಸೊಸೆ, ಸೊಸೆ ಹಾಕಿರಬೇಕು ಅಂತ ಅತ್ತೆ, ಇಬ್ಬರೂ ಬಿಟ್ಟ ಸಾರಿನಲ್ಲಿ ಉಪ್ಪೇ ಇರುವುದಿಲ್ಲವಲ್ಲ, ಗಡಿಯ ಜನದ ಪಾಡು ಹಾಗೆ. ಒಂದು ರಾಜ್ಯದ ಪರವಾನಗಿ ಇದ್ದವರು ಇನ್ನೊಂದು ರಾಜ್ಯದಲ್ಲಿ ಇಪ್ಪತ್ತನಾಲ್ಕು ಗಂಟೆ ಮಾತ್ರ ಅತಿಥಿ. ಅಷ್ಟರೊಳಗೆ ಸ್ವಂತ ನೆಲ ಮುಟ್ಟಿ ಬರದಿದ್ದರೆ ಕಾಳು 'ಕನಿಷ್ಠ ಸುರಕ್ಷಿತ ಪ್ರಮಾಣ'ಕ್ಕೆ ಇಳಿಯುತ್ತದೆ. ಹಾಗೆಂದರೆ ದಿನಕ್ಕೆ ಎರಡು ಹನಿ. ಅದು ಯಾರಿಗೆ ಸುರಕ್ಷಿತ ಎಂದು ಕೇಳಿದರೆ, ಬಹುಶಃ ಅದನ್ನು ಬರೆದವರಿಗೆ.

ಆ ಮೂವತ್ತೊಂದರಲ್ಲಿ ಈಚೆಗೆ ಸೇರಿದ ಒಂದು ಚುಕ್ಕಿ ದಾಕ್ಷಾಯಿಣಿಯ ಮಗಳು ವೇಣಿಯದು.

ವೇಣಿಯನ್ನು ಕೊಟ್ಟದ್ದು ಆಚೆ ಸೀಮೆಗೆ. ಇಪ್ಪತ್ತೆರಡು ಕಿಲೋಮೀಟರ್, ಅದೇ ಮಾತು, ಅದೇ ರಾಗಿ ಹೊಲ, ಅದೇ ನೆಂಟರು. ಮದುವೆಯಾದ ಮೇಲೆ ವಿಳಾಸ ಬದಲಾಯಿತು, ಪರವಾನಗಿಯೂ ಬದಲಾಯಿತು. ಹತ್ತನೇ ವಯಸ್ಸಿನಿಂದ ಮೂರ್ಛೆ ಬರುತ್ತಿದ್ದ ಹುಡುಗಿ ಕಾಳು ಬಂದ ಮೇಲೆ ಒಂದು ಸಲವೂ ಬಿದ್ದಿರಲಿಲ್ಲ. ಬಸುರಿಯರಿಗೂ ಪೂರ್ತಿ ಪ್ರಮಾಣ ಕೊಡಬಹುದು ಎಂದು ಆಚೆ ರಾಜ್ಯ ಸೂತ್ರ ತಿದ್ದಿತ್ತು. ಈಚೆ ರಾಜ್ಯದ ಸಮಿತಿ ಮೂರು ವರ್ಷದಿಂದ ಸಭೆಯನ್ನೇ ಸೇರಿರಲಿಲ್ಲ. ಹಾಗಾಗಿ ಇಲ್ಲಿ ಬಸುರಿಯರಿಗೆ ಇನ್ನೂ ಅರ್ಧ.

ಏಳು ತಿಂಗಳಿಗೆ ಚೊಚ್ಚಲ ಬಾಣಂತನಕ್ಕೆಂದು ವೇಣಿ ತೊರೆಹುಂಡಿಯ ತವರಿಗೆ ಬಂದಳು. ಅಳಿಯನ ಮನೆಯಲ್ಲಿ ಹೆಣ್ಣು ದಿಕ್ಕಿಲ್ಲ, ಅವಳ ಅತ್ತೆ ಹೋಗಿ ಎರಡು ವರ್ಷ. ಬಂದ ಹತ್ತನೇ ದಿನಕ್ಕೆ ನೋವು ಕಾಣಿಸಿಕೊಂಡಿತು. ಡಾಕ್ಟರು ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, ಹೆರಿಗೆವರೆಗೆ ಹಾಸಿಗೆ ಬಿಟ್ಟು ಏಳಕೂಡದು, ಆಟೋದಲ್ಲೂ ಕೂರಕೂಡದು ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅವತ್ತಿನಿಂದ ವೇಣಿ ಮಂಚದ ಮೇಲೆ, ಅವಳ ಡಬ್ಬಿ ಹಾಲಿನ ವ್ಯಾನಿನಲ್ಲಿ.

ಒಂದು ಸೋಮವಾರ ಸೂಪರಿಂಟೆಂಡೆಂಟ್ ಪ್ರಭುಸ್ವಾಮಿ ಒಂದು ಹಾಳೆ ಹಿಡಿದುಕೊಂಡು ದಾಕ್ಷಾಯಿಣಿಯ ಮೇಜಿನ ಹತ್ತಿರ ಬಂದು ನಿಂತರು.

"ಮೇಡಂ, ದೆಹಲಿಯಿಂದ ತಪಾಸಣೆ ವರದಿ ಬಂದಿದೆ. ಮೂವತ್ತೊಂದು ಜನ ದಿನಾ ಒಂದೇ ಸೀಟಲ್ಲಿ ಕೂತ್ಕೊಂಡು ಹೋಗ್ತಾರೆ ಅಂತ ಅವರ ಕಂಪ್ಯೂಟರ್ ಕಂಡುಹಿಡಿದಿದೆ."

"ನಾಲ್ಕು ವರ್ಷ ಆಯ್ತಲ್ಲ ಸರ್, ಈಗ ಗೊತ್ತಾಯ್ತಾ?"

"ನಗಬೇಡಿ. ಗುರುವಾರದಿಂದ ಗಡಿ ದಾಟೋವಾಗ ಡಬ್ಬಿ ನಾಡಿ ಓದುತ್ತೆ. ಕಾಳು ಪಕ್ಕದಲ್ಲಿಲ್ಲದೆ ಬರೀ ಡಬ್ಬಿ ದಾಟಿದ್ರೆ ಅನುಮತಿ ರದ್ದು." ಅವರು ದನಿ ತಗ್ಗಿಸಿದರು. "ನಿಮ್ಮ ಮಗಳನ್ನ ಕಳಿಸಿಬಿಡಿ, ದಾಕ್ಷಾಯಿಣಿ."

"ಕಳಿಸೋ ಹಾಗಿದ್ರೆ ಕಳಿಸ್ತಿರಲಿಲ್ವಾ ಸರ್?"

ಪ್ರಭುಸ್ವಾಮಿ ಕೆಟ್ಟವರಲ್ಲ. ಆವತ್ತು ಮಧ್ಯಾಹ್ನ ಊಟ ಬಿಟ್ಟು ಅವಳ ಜೊತೆ ಕೂತು, ಗಡಿ ದಾಟದೆ ಇಲ್ಲೇ ತಂಗಲು ಕೊಡುವ ವಿನಾಯಿತಿಯ ಅರ್ಜಿ ತೆರೆದರು. 'ತಂಗುವ ಕಾರಣ' ಎಂಬಲ್ಲಿ ಏಳು ಆಯ್ಕೆಗಳಿದ್ದವು: ಉದ್ಯೋಗ, ಶಿಕ್ಷಣ, ಪ್ರವಾಸ, ನ್ಯಾಯಾಲಯ, ಮದುವೆ, ಚಿಕಿತ್ಸೆ, ಕುಟುಂಬದಲ್ಲಿ ಮರಣ. ಬಾಣಂತನ ಇರಲಿಲ್ಲ. ಹೆಣ್ಣುಮಕ್ಕಳು ಹೆರಲು ತವರಿಗೆ ಹೋಗುತ್ತಾರೆಂಬ ಸಂಗತಿ ಆ ಅರ್ಜಿ ಬರೆದವರ ತಾಯಂದಿರಿಗೆ ಗೊತ್ತಿದ್ದೀತು, ಅವರಿಗೆ ಗೊತ್ತಿರಲಿಲ್ಲ. ಚಿಕಿತ್ಸೆ ಎಂದು ಒತ್ತಿದರೆ ಈಚೆ ರಾಜ್ಯದ ಡಾಕ್ಟರ ಪತ್ರ ಕೇಳಿತು. ಇಲ್ಲಿ ಒಪ್ಪಿಗೆಯಿಲ್ಲದ ಪ್ರಮಾಣಕ್ಕೆ ಪತ್ರ ಬರೆದರೆ ತನ್ನ ಪರವಾನಗಿಯೇ ಹೋಗುತ್ತದೆಂದು ಡಾಕ್ಟರು ಫೋನಿನಲ್ಲೇ ಕೈ ಮುಗಿದರು. ಉಳಿದದ್ದರಲ್ಲಿ ಯಾವುದೂ ಐದು ದಿನಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ, ಮರಣದ ಹೊರತು. ಮರಣಕ್ಕೆ ನಲವತ್ತೈದು ದಿನ. ಯಾರೋ ಶಾಸಕರ ತಂದೆ ಗಡಿಯಾಚೆ ತೀರಿಕೊಂಡಾಗ ಆದ ತಿದ್ದುಪಡಿಯಂತೆ ಅದು.

"ವೇಣಿ ಅಪ್ಪ ಹೋಗಿ ಆರು ವರ್ಷ ಆಯ್ತು. ಇನ್ನೊಂದ್ಸಲ ಸಾಯೋಕೆ ಆಗಲ್ಲವಲ್ಲ," ಎಂದಳು ದಾಕ್ಷಾಯಿಣಿ. ಪ್ರಭುಸ್ವಾಮಿ ನಗಲಿಲ್ಲ.

ಮನೆಯಲ್ಲಿ ಅವಳ ಅತ್ತೆ ದುಂಡಮ್ಮ ಜಗಲಿಯ ಮೇಲೆ ಕೂತು ಬಾಣಂತಿ ಖಾರಕ್ಕೆ ಮೆಣಸು ಆರಿಸುತ್ತಿದ್ದಳು. ಎಂಬತ್ತಮೂರು ವರ್ಷ. ಎದೆಯ ಕಾಯಿಲೆಗೆಂದು ಅವಳಿಗೂ ಒಂದು ಕಾಳು. ಅವಳ ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ. ಸೊಸೆ ಹೇಳಿದ್ದನ್ನೆಲ್ಲ ಕೇಳಿ, ಕೈಯಲ್ಲಿದ್ದ ಮೆಣಸನ್ನು ಮೊರಕ್ಕೆ ಹಾಕಿದಳು.

"ಹುಟ್ಟಾಕ ಜಾಗ ಕೊಡಲ್ವಂತೆ, ಸಾಯಾಕಾದ್ರ ಕೊಡ್ತರಂತಾ? ಒಳ್ಳೆ ಸರ್ಕಾರ ಕನವ್ವ."

"ಅತ್ತೆ, ತಮಾಷೆ ಮಾಡಬ್ಯಾಡಿ. ಗುರುವಾರಕ್ಕ ಇನ್ನ ಮೂರೇ ದಿನ ಅದ."

"ತಮಾಷೆ ಯಾಕ್ ಮಾಡನೆ? ನನ್ ಹೆಸ್ರ ಬರಿ."

"ಏನಂತ ಬರೀಲಿ?"

"ದುಂಡಮ್ಮ ಸತ್ತೋದ್ಲು ಅಂತ ಬರಿ. ಅಜ್ಜಿ ಸತ್ರೂ ನಡೀತದ ತಾನೆ?"

ಬದುಕಿರುವವರನ್ನು ಸತ್ತರೆಂದು ಬಾಯಲ್ಲಿ ಅನ್ನುವುದೇ ಕೆಟ್ಟದ್ದು, ಬರೆಯುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ ದಾಕ್ಷಾಯಿಣಿಗೆ ಗೊತ್ತಿದ್ದ ಸಂಗತಿ ಇನ್ನೊಂದಿತ್ತು. ಸತ್ತವರ ಹೆಸರಿನಲ್ಲಿ ಔಷಧ ಮಾರಿಕೊಂಡ ಹಗರಣವಾದ ಮೇಲೆ, ಮರಣ ದಾಖಲಾದ ಒಂದು ಗಂಟೆಯೊಳಗೆ ಕಾಳು ತಾನಾಗಿ ನಿಲ್ಲುವಂತೆ ಮಾಡಿದ್ದರು. ಸತ್ತವರಿಗೆ ದಿನಕ್ಕೆ ಎರಡು ಹನಿಯೂ ಇಲ್ಲ.

"ನಿಮ್ ಕಾಳು ನಿಂತೋಯ್ತದ ಅತ್ತೆ."

"ನಿಂತ್ಕಳ್ಳಲಿ ಬುಡು. ಅದು ಬರಕ ಮುಂಚ ನಾನು ಬದುಕಿರ್ನಿಲ್ವಾ? ಮಾತ್ರ ನುಂಗ್ತಿರ್ನಿಲ್ವಾ? ಆ ಮಾತ್ರನೇ ತಂದ್ಕೊಡು." ಒಳಗೆ ಮಲಗಿದ್ದ ಮೊಮ್ಮಗಳ ಕಡೆ ಕಣ್ಣು ತೋರಿಸಿ ದನಿ ಇಳಿಸಿದಳು. "ಅವಳ್ಗ ಹೇಳಬ್ಯಾಡ. ಬಸುರಿ ಹೆಂಗ್ಸು, ಕೊರಗ್ತಳ."

ದಾಕ್ಷಾಯಿಣಿ ಎರಡು ದಿನ ಒಪ್ಪಲಿಲ್ಲ. ಬುಧವಾರ ಸಂಜೆ ವೇಣಿ ತಲೆ ಬಾಚಿಸಿಕೊಳ್ಳುತ್ತ, "ಅವ್ವ, ನಾಳೆಯಿಂದ ನಾನು ಬಿದ್ರೆ ಮಗುಗೇನಾಯ್ತದೆ?" ಎಂದು ಕೇಳಿದಳು. ಹತ್ತನೇ ವಯಸ್ಸಿನಲ್ಲಿ ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡ ಗುರುತು ಅವಳ ಮೊಣಕೈಯಲ್ಲಿ ಇನ್ನೂ ಇತ್ತು. ದಾಕ್ಷಾಯಿಣಿ ಜಡೆ ಹೆಣೆದು ಮುಗಿಸಿದಳು. ಮಾರನೇ ದಿನ ಕಚೇರಿಗೆ ಮೊದಲು ಹೋದವಳು ಅವಳೇ. ದುಂಡಮ್ಮ, ವಯಸ್ಸು ಎಂಬತ್ತಮೂರು, ತೊರೆಹುಂಡಿ, ಇಂದು ಬೆಳಿಗ್ಗೆ. ಬರೆದು ಗುಂಡಿ ಒತ್ತಿದಳು. ವೇಣಿಯ ಚುಕ್ಕಿ ಹಳದಿಯಿಂದ ಹಸಿರಾಯಿತು. ನಲವತ್ತು ನಿಮಿಷದ ಮೇಲೆ ಪರದೆಯ ಇನ್ನೊಂದು ಮೂಲೆಯಲ್ಲಿ ಒಂದು ಚುಕ್ಕಿ ಆರಿತು. ಪ್ರಭುಸ್ವಾಮಿ ಅದನ್ನು ನೋಡಿದರು, ಎದ್ದುಹೋಗಿ ಕಿಟಕಿಯ ಹತ್ತಿರ ನಿಂತುಕೊಂಡರು.

ಮಾತ್ರೆ ಸಿಗುವುದೇ ಕಷ್ಟವಾಯಿತು. ಮೂರು ಅಂಗಡಿಯಲ್ಲಿ, "ಅದನ್ನ ಈಗ ಯಾರು ತಗೋತಾರೆ ಅಕ್ಕ?" ಎಂದರು. ನಾಲ್ಕನೆಯವನು ಅಟ್ಟದ ಮೇಲಿಂದ ಧೂಳು ಹಿಡಿದ ಎರಡು ಪಟ್ಟಿ ತೆಗೆದುಕೊಟ್ಟ. ಅವಧಿ ಮುಗಿಯಲು ಇನ್ನೂ ಒಂದು ತಿಂಗಳಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ದುಂಡಮ್ಮ ತಪ್ಪದೆ ನುಂಗಿದಳು. ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ದಾಕ್ಷಾಯಿಣಿಗೂ ಧೈರ್ಯ ಬಂತು. ಹಳೆ ಕಾಲದ ಮೈ, ತಡೆದುಕೊಳ್ಳುತ್ತದೆ ಎಂದುಕೊಂಡಳು. ಮಾತ್ರೆ ಎಲ್ಲರಿಗೂ ಒಂದೇ ಅಳತೆ ಹಾಕುತ್ತದೆ, ಎದೆಯ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಹನ್ನೆರಡು ವರ್ಷ ಕಾಳಿನ ಮಾತಿಗೆ ಹೊಂದಿಕೊಂಡಿದ್ದ ಎದೆ ಅದು. ಇದನ್ನು ಬೇರೆ ಯಾರಿಗಲ್ಲದಿದ್ದರೂ ನಿಯಂತ್ರಣ ಕೊಠಡಿಯಲ್ಲಿ ಕೂರುವವಳಿಗೆ ಗೊತ್ತಿರಬೇಕಿತ್ತು.

ಎಂಟನೇ ದಿನ ಒಂದು ನೋಟಿಸು ಬಂತು. ಮರಣದ ಕಾರಣಕ್ಕೆ ಕೊಟ್ಟ ಅನುಮತಿಯನ್ನು ರೋಗಿಯ ಸ್ವಂತ ರಾಜ್ಯ ಪರಿಶೀಲಿಸುತ್ತದೆ, ಅಧಿಕಾರಿ ಹನ್ನೊಂದನೇ ದಿನ ಮನೆಗೆ ಬರುತ್ತಾರೆ ಎಂದಿತ್ತು. ಹನ್ನೊಂದನೇ ದಿನವೇ ಯಾಕೆ? ಅವತ್ತು ತಿಥಿ. ತಿಥಿಯ ಮನೆಯನ್ನು ನೋಡಿದರೆ ಸುಳ್ಳೋ ನಿಜವೋ ತಿಳಿಯುತ್ತದೆಂದು ಆಚೆ ಕಚೇರಿಯಲ್ಲಿ ಯಾರೋ ಬುದ್ಧಿವಂತರು ಲೆಕ್ಕ ಹಾಕಿದ್ದರು.

"ಅಂಗಾರ ತಿಥಿ ಮಾಡ್ಬುಡು," ಎಂದಳು ದುಂಡಮ್ಮ. ಗೋಡೆಗೆ ಒರಗಿ ಕೂತಿದ್ದಳು, ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು. "ನಾನು ಕೆಳಗಲ ಕೇರೀಲಿ ಸಣ್ಣಮ್ಮನ ಮನೇಲಿ ಅವಿತ್ಕತೀನಿ. ನನ್ ಫೋಟಕ್ಕ ಹಾರ ಹಾಕು. ವಡೆ ಮಾಡ್ಸು. ಕಜ್ಜಾಯ ಮಾಡ್ಸು. ನಿಮ್ ಮಾವನ ತಿಥೀಲಿ ಪಾಯಸ ನೀರಾಗಿತ್ತು, ಅಂಗ್ ಮಾಡ್ಬ್ಯಾಡ. ನಂಗೂ ಒಂದೆಲೆ ಕಳ್ಸು."

ತನ್ನ ತಿಥಿಯ ಅಡುಗೆಯನ್ನು ತಾನೇ ಹೇಳಿ ಅವಳು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ದಾಕ್ಷಾಯಿಣಿಯ ಕಣ್ಣು ಅತ್ತೆಯ ಪಾದದ ಮೇಲಿತ್ತು. ಎರಡೂ ಪಾದ ಊದಿಕೊಂಡಿದ್ದವು. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು.

"ಅರ್ಜಿ ವಾಪಸ್ ತಗತೀನಿ ಅತ್ತೆ. ತಪ್ಪಾಗಿ ಬರೆದೆ ಅಂತೀನಿ. ಒಂದ್ಗಂಟೇಲಿ ನಿಮ್ ಕಾಳು ಶುರುವಾಯ್ತದ."

"ವೇಣೀದು?"

ದಾಕ್ಷಾಯಿಣಿ ಅತ್ತೆಯ ಪಾದ ನೀವತೊಡಗಿದಳು.

"ವೇಣೀದು ನಿಂತೋಯ್ತದ. ಅಲ್ವಾ?" ದುಂಡಮ್ಮ ಸೊಸೆಯ ಕೈ ತಳ್ಳಿದಳು. "ಎಂಬತ್ತಮೂರು ಕಂಡಿವ್ನಿ. ಅದಿನ್ನೂ ಒಂದೂ ಕಾಣದ ಕೂಸು. ಇಬ್ರಲ್ಲಿ ಯಾರು ಅಂತ ನೀನು ಲೆಕ್ಕ ಹಾಕ್ಬ್ಯಾಡ, ನಾನ್ ಹಾಕಿವ್ನಿ. ಓಗು, ಅವಳ್ಗ ಗಂಜಿ ಕೊಡು."

ತಿಥಿಯೊಂದು ಕಳೆಯಲಿ ಎಂದುಕೊಂಡಳು ದಾಕ್ಷಾಯಿಣಿ. ಅಧಿಕಾರಿ ಬಂದು ಬರೆದುಕೊಂಡು ಹೋಗಲಿ, ವೇಣಿಯ ಅನುಮತಿ ಗಟ್ಟಿಯಾಗಲಿ. ಆಮೇಲೆ ಹೆಸರು ಅದಲುಬದಲಾಯಿತು ಎಂದು ಪ್ರಭುಸ್ವಾಮಿಯವರ ಕಾಲು ಹಿಡಿದಾದರೂ ಅತ್ತೆಯನ್ನು ಮತ್ತೆ ಬದುಕಿರುವವರ ಪಟ್ಟಿಗೆ ಸೇರಿಸುವುದು. ಇನ್ನು ಮೂರೇ ದಿನ. ಮೂರು ದಿನವನ್ನು ಒಬ್ಬ ಮುದುಕಿ ತಳ್ಳಲಾರಳೇ? ಹಾಗೆ ತನಗೆ ತಾನೇ ಹೇಳಿಕೊಂಡಳು. ಮನುಷ್ಯರು ತಮಗೆ ಬೇಕಾದ ಉತ್ತರವನ್ನು ಯಾವಾಗಲೂ ಪ್ರಶ್ನೆಯ ರೂಪದಲ್ಲೇ ಕೇಳಿಕೊಳ್ಳುತ್ತಾರೆ.

ಹತ್ತನೇ ದಿನ ಬೆಳಿಗ್ಗೆ ಹತ್ತೂವರೆಗೆ ದುಂಡಮ್ಮ ಹೋದಳು. ಸಣ್ಣಮ್ಮನ ಮನೆಗೆ ಹೊರಡಲೆಂದು ಸೀರೆ ಉಟ್ಟು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಕರೆಯಲು ಬಂದಿದ್ದ ಸಣ್ಣಮ್ಮನಿಗೆ "ಒಂಚೂರು ಕೂತ್ಕತೀನಿ ತಡಿ," ಎಂದು ಹೊಸ್ತಿಲ ಪಕ್ಕ ಕೂತವಳು ಏಳಲಿಲ್ಲ. ಕಚೇರಿಯಿಂದ ದಾಕ್ಷಾಯಿಣಿ ಓಡಿ ಬರುವ ಹೊತ್ತಿಗೆ ಕೈ ತಣ್ಣಗಾಗಿತ್ತು.

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಅರ್ಜಿಯ ಪ್ರಕಾರ ದುಂಡಮ್ಮ ಸತ್ತು ಒಂಬತ್ತು ದಿನ ಕಳೆದಿತ್ತು. ಸಾವು ನಿಜವಾಯಿತು, ತಾರೀಖು ಮಾತ್ರ ಸುಳ್ಳಾಗಿ ಉಳಿಯಿತು. ತಾರೀಖು ಸುಳ್ಳಾದರೆ ಅರ್ಜಿಯೂ ಸುಳ್ಳು. ಆಗ ವೇಣಿಯ ಕಾಳು ದಿನಕ್ಕೆ ಎರಡು ಹನಿಗೆ ಇಳಿಯುತ್ತದೆ, ಅತ್ತೆ ಸತ್ತದ್ದೂ ದಂಡವಾಗುತ್ತದೆ. ದಾಕ್ಷಾಯಿಣಿ ಬಾಗಿಲಿಗೆ ಅಗುಳಿ ಹಾಕಿ, ಬಂದ ನಾಲ್ಕು ನೆಂಟರಿಗೆ ಕೈ ಮುಗಿದು ಹೇಳಿದಳು, "ತಮಟೆ ಬ್ಯಾಡ. ಯಾರ್ಗೂ ಹೇಳಿಕಳಿಸಬ್ಯಾಡಿ. ನಾಳಿಕೆ ತಿಥಿ."

"ಏನವ್ವ ನೀನು! ಇವತ್ತ್ ಸತ್ತವ್ಳಿಗ ನಾಳ ತಿಥಿಯಾ?" ಸಣ್ಣಮ್ಮ ಎದೆ ಬಡಿದುಕೊಂಡಳು. "ಮೂರ್ದಿನಕ್ಕ ಹಾಲುತುಪ್ಪ ಬುಡ್ಬೇಕಲ್ಲ. ಹಾಲುತುಪ್ಪ ಕಾಣ್ದೆ ಜೀವ ಎಲ್ಲಿಗೋದಾದು?"

"ಅವರೇ ಒಪ್ಕಂಡಿದ್ರು ಚಿಕ್ಕವ್ವ."

"ಸಾಯಾಕ ಒಪ್ಕಂಡಿದ್ಲು. ಹಿಂಗ್ ಕಳ್ಸಾಕ ಒಪ್ಕಂಡಿದ್ಲಾ?"

ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಆರು ಜನ ಸೇರಿ, ಹೊಲದ ಬದಿಯಲ್ಲಿ, ಮಾವನ ಪಕ್ಕದಲ್ಲೇ ಮಣ್ಣು ಮಾಡಿದರು. ಸಾವನ್ನೂ ನಾಳೆಯ ತಿಥಿಯನ್ನೂ ವೇಣಿಗೆ ಹೇಳದೆ ಇರಲಾಗಲಿಲ್ಲ, ಅಜ್ಜಿಯ ಕಾಳು ನಿಂತದ್ದನ್ನು ಮಾತ್ರ ಹೇಳಲಿಲ್ಲ. ಅವಳು ಮಂಚದ ಮೇಲೇ ಗೋಡೆ ಕಡೆ ತಿರುಗಿ ಅತ್ತಳು. ಅಜ್ಜಿಗೆ ವಯಸ್ಸಾಗಿತ್ತು ಎಂದುಕೊಂಡೇ ಅತ್ತಳು.

ಮಾರನೇ ದಿನ ಹಾರ ಹಾಕಿದ ಫೋಟೋ ಮುಂದೆ ವಡೆ, ಕಜ್ಜಾಯ, ಗಟ್ಟಿ ಪಾಯಸ ಇಟ್ಟಿದ್ದರು. ಹನ್ನೊಂದು ಗಂಟೆಗೆ ಅಧಿಕಾರಿ ಬಂದ. ರಂಗಸಾಮಿ ಅಂತ ಹೆಸರು, ನಲವತ್ತರ ಆಸುಪಾಸು. ಆಚೆ ಸೀಮೆಯ ಸರ್ಕಾರದ ಬಿಲ್ಲೆ ಕೊರಳಲ್ಲಿದ್ದರೂ ಆಡಿದ್ದು ಇವರದೇ ಮಾತು. ವೇಣಿಯ ಡಬ್ಬಿ ನೋಡಿದ, ಫೋಟೋಗೆ ಕೈ ಮುಗಿದ, ಎಲೆಯ ಮುಂದೆ ಕೂತು ಉಂಡ. ಅವನು ಉಣ್ಣುವಷ್ಟು ಹೊತ್ತೂ ದಾಕ್ಷಾಯಿಣಿ ನಿಂತು ಬಡಿಸಿದಳು. ಹನ್ನೊಂದು ದಿನ ಹಳೆಯದಾದ ದುಃಖಕ್ಕೆ ಎಷ್ಟು ಕಣ್ಣೀರು ಸರಿಯೋ ಅಷ್ಟನ್ನೇ ತೋರಿಸಬೇಕಿತ್ತು. ಸೆರಗಿನ ತುದಿಯಲ್ಲಿ ಒಂದು ಸಲ ಕಣ್ಣೊರೆಸಿಕೊಂಡಳು, ಮತ್ತೆ ಒರೆಸಿಕೊಳ್ಳಲಿಲ್ಲ.

"ಮಣ್ ಮಾಡಿರ ಜಾಗ ಒಂಚೂರು ತೋರಿಸ್ರವ್ವ," ಎಂದ ಕೈ ತೊಳೆದುಕೊಂಡು.

ಹೊಲದವರೆಗೆ ಇಬ್ಬರೂ ನಡೆದರು. ಮಣ್ಣು ಇನ್ನೂ ಕೆಂಪಗಿತ್ತು, ಹಸಿಯಾಗಿತ್ತು. ಹಾಲು ಬಿಟ್ಟ ಕಲೆ ಇಲ್ಲ, ಒಣಗಿದ ಹೂವಿಲ್ಲ, ಇರುವೆ ಸಾಲಿಲ್ಲ. ಹನ್ನೊಂದು ದಿನದ ಗುಡ್ಡೆ ಹೇಗಿರುತ್ತದೆಂದು ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಿಲ್ಲ. ರಂಗಸಾಮಿ ಚಪ್ಪಲಿ ಬಿಟ್ಟು ಬಗ್ಗಿ, ಒಂದು ಹಿಡಿ ಮಣ್ಣು ಎತ್ತಿ ಮುಟ್ಟಿ ನೋಡಿದ.

"ಮಳೆ ಏನಾರ ಬಂದಿತ್ರಾ?"

ಒಂದು ತಿಂಗಳಿಂದ ಆಕಾಶದಲ್ಲಿ ಮೋಡ ಇರಲಿಲ್ಲ. "ಬಂದಿತ್ತು," ಎಂದಳು ದಾಕ್ಷಾಯಿಣಿ.

ಅವನು ತಲೆ ಎತ್ತಿ ಆಕಾಶ ನೋಡಲಿಲ್ಲ. ಹಿಡಿದಿದ್ದ ಮಣ್ಣನ್ನು ಗುಡ್ಡೆಯ ಮೇಲೆ ಮೆಲ್ಲಗೆ ಬಿಟ್ಟ. "ನಮ್ ತಂಗೀನೂ ನಿಮ್ ಕಡೆಗೆ ಕೊಟ್ಟಿದೀವಿ," ಎಂದ. ಅಷ್ಟೇ. ಕೈಚೀಲದಿಂದ ಬರೆಯುವ ಹಲಗೆ ತೆಗೆದ. ಹೆಸರು, ಊರು, ತಾರೀಖು ಎಲ್ಲ ಮೊದಲೇ ತುಂಬಿತ್ತು. 'ಪರಿಶೀಲಿಸಲಾಗಿದೆ, ನಿಜ' ಎಂದು ಒತ್ತಿದ. ಒಂದೇ ಒಂದು ಜಾಗ ಖಾಲಿ ಉಳಿದಿತ್ತು.

"ಸಾವಿನ ಕಾರಣ ಏನಂತ ಹಾಕಲವ್ವ? ಇದ್ನ ಮನೆಯವ್ರೇ ಬರ್ದು ಸೈನ್ ಹಾಕ್ಬೇಕು."

ಹಲಗೆಯ ಮೇಲೆ ಮೂರು ಆಯ್ಕೆಗಳಿದ್ದವು: ವಯಸ್ಸು, ಕಾಯಿಲೆ, ಅಪಘಾತ. ದಾಕ್ಷಾಯಿಣಿ ಮೂರನ್ನೂ ಎರಡೆರಡು ಸಲ ಓದಿದಳು. ಎದೆಯ ಕಾಯಿಲೆಗೆ ಔಷಧ ಇತ್ತು, ಅದು ಅತ್ತೆಯ ಮೈಯೊಳಗೇ ಇತ್ತು, ಹತ್ತು ದಿನದಿಂದ ಹನಿಯೂ ಖರ್ಚಾಗದೆ ಈಗ ಈ ಮಣ್ಣಿನ ಕೆಳಗಿತ್ತು. ಅದನ್ನು ನಿಲ್ಲಿಸಿದ ಕೈ ಇದೇ ಕೈ. ಅದನ್ನು ಬರೆಯುವುದಕ್ಕೆ ಯಾವ ರಾಜ್ಯದ ಅರ್ಜಿಯಲ್ಲೂ ಜಾಗವಿರಲಿಲ್ಲ.

ವಯಸ್ಸು ಎಂದು ಒತ್ತಿ ಸೈನ್ ಹಾಕಿದಳು.

"ಇನ್ನ ಮೂವತ್ತನಾಕು ದಿನ ಅದ. ಅಷ್ಟ್ರೊಳಗ ಹೆರಿಗೆ ಆಗ್ಬುಡ್ಲಿ," ಎಂದು ರಂಗಸಾಮಿ ಚಪ್ಪಲಿ ಮೆಟ್ಟಿಕೊಂಡ. ಎರಡು ಹೆಜ್ಜೆ ಹೋದವನು ತಿರುಗದೆಯೇ ಹೇಳಿದ, "ನಾಳಿಕಲ್ವಾ ಮೂರನೇ ದಿನ? ಹಾಲುತುಪ್ಪ ಬುಟ್ಬುಡಿ. ನಾ ಕಂಡಿಲ್ಲ."

ಜೀಪು ರಸ್ತೆಗೆ ಇಳಿದು ಮರೆಯಾಗುವವರೆಗೆ ದಾಕ್ಷಾಯಿಣಿ ನಿಂತೇ ಇದ್ದಳು. ಆಮೇಲೆ ಆ ಹಸಿ ಮಣ್ಣಿನ ಪಕ್ಕ ಕುಸಿದು ಕೂತು, "ಅತ್ತೆ, ನೀವು ಸತ್ರಿ ಅಂತ ನಾನೇ ಎರಡ್ಸಲ ಬರ್ದುಬುಟ್ಟೆ," ಎಂದು ಒಂದು ದಿನದ ದುಃಖವನ್ನು ಒಂದು ದಿನದ ದುಃಖದ ಹಾಗೆಯೇ ಬಾಯಿಬಿಟ್ಟು ಅತ್ತಳು.